ರಬ್ಬರ್ ಶೀಟಿನ ಮೇಲೆ ಹರಡಿದ ಮೆಣಸು

ನಮ್ಮ ಕಾಫಿ ಗೋಡೌನ್ ಸೋರಿದ್ದು ಹಮೀದ್ ಕಾಕ ಅವಸರದಲ್ಲಿ ಶೀಟು ಅಂಟಿಸಿದ್ದರಿಂದ ಎಂದು ಆಲ್ದೂರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಈ ಮಾತಿಗೆ ಆಧಾರವೇನು? ಅವರು ಅವಸರ ಮಾಡಿದ್ದನ್ನು ಕಂಡವರು ಯಾರು? ಎರಡು ಮಳೆಗಾಲ ಒಂದು ಹನಿಯನ್ನೂ ಒಳಗೆ ಬಿಡದ ಅಂಟು ಮೂರನೆಯದಕ್ಕೆ ಏಕಾಏಕಿ ಕಳಪೆಯಾಯಿತೇ? ಯಾರೂ ಕೇಳಲಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ನಾನೂ ಕೇಳಲಿಲ್ಲ — ಏಕೆಂದರೆ ಶೀಟು ಹರಿದವಳು ನಾನು. ಆ ಮಾತನ್ನು ಹುಟ್ಟಿಸಿದವಳೂ ನಾನೇ.

ಹಮೀದ್ ಕಾಕನದು ಬಣಕಲ್ಲಿನಲ್ಲಿ ಪಂಕ್ಚರ್ ಅಂಗಡಿ. ಚಿಕ್ಕಪ್ಪನ ಗೋಡೌನಿನ ತಾರಸಿ ಸೋರತೊಡಗಿದಾಗ ಅದರ ಮೇಲೆ ಕಪ್ಪು ರಬ್ಬರ್ ಶೀಟು ಹಾಸಿ ಅಂಟಿಸಿದವರು ಅವರು. "ಇದೂ ಟ್ಯೂಬೇ ಮಗಾ, ಗೋಡೌನಿನಷ್ಟು ದೊಡ್ಡದು ಅಷ್ಟೆ" ಎನ್ನುತ್ತಿದ್ದರು. ಪ್ರತಿ ವರ್ಷ ಮಳೆಗೆ ಮೊದಲು, ಕರೆಯದಿದ್ದರೂ ಬರುತ್ತಿದ್ದರು. ಚಪ್ಪಲಿಯನ್ನು ಏಣಿಯ ಬುಡದಲ್ಲಿ ಬಿಟ್ಟು ಹತ್ತಿ, ಸಿಲ್ವರ್ ಓಕಿನ ಎಲೆ ಗುಡಿಸಿ, ಸೋಪಿನ ನೀರಿನಲ್ಲಿ ತೊಳೆದು, ಶೀಟಿನ ಒಂದೊಂದು ಜೋಡಣೆಯ ಮೇಲೂ ಹೆಬ್ಬೆರಳು ಎಳೆಯುತ್ತ ಮಂಡಿಯೂರಿ ಸರಿಯುತ್ತಿದ್ದರು. ಚಿಕ್ಕಪ್ಪನಿಗೆ ಮೊಣಕಾಲು ನೋವು, ಏಣಿ ಹತ್ತುವುದಿಲ್ಲ. ಜೊತೆಗೆ ಹತ್ತುತ್ತಿದ್ದವಳು ನಾನೊಬ್ಬಳೇ.

"ಇದ್ರ ಮೇಲೆ ಏನೂ ಹರಡ್ಬೇಡಿ. ಹರಿದ್ರೆ ನಂಗೆ ಹೇಳಿ, ಡಾಂಬರು ಮಾತ್ರ ಮುಟ್ಟಿಸ್ಬೇಡಿ. ರಬ್ಬರನ್ನ ತಿಂದು ಹಾಕತ್ತೆ."

"ತಿನ್ನತ್ತೆ ಅನ್ನೋದಕ್ಕೆ ಪುರಾವೆ ಏನು ಕಾಕ?"

"ಕಾಲೇಜಲ್ಲಿ ಡಿಬೇಟ್ ಕಪ್ ಗೆದ್ದ ಬಾಯಿ ನಿಂದು. ನಾನು ಸೋತೆ ಮಾರಾಯ್ತಿ. ಆದ್ರೆ ಶೀಟಿಗೆ ಕಿವಿ ಇಲ್ವಲ್ಲ" ಎಂದು ನಕ್ಕಿದ್ದರು.

ಆ ಬೇಸಿಗೆ ಕಣದ ತುಂಬ ಕಾಫಿ. ಕೊಯ್ದ ಮೆಣಸು ಒಣಗಿಸಲು ಜಾಗವಿಲ್ಲ. ಕಪ್ಪು ಬಣ್ಣ ಬಿಸಿಲು ಹೀರುತ್ತದೆ, ನಾಲ್ಕು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯುತ್ತದೆ — ನನ್ನ ತರ್ಕ ಸರಿಯಾಗಿಯೇ ಇತ್ತು. ಮೆಣಸನ್ನು ಶೀಟಿನ ಮೇಲೆ ಹರಡಿದೆ, ಚೆನ್ನಾಗಿ ಒಣಗಿತು ಕೂಡ. ಎಳೆಯುವ ಮರದ ಹಲಗೆ ಕಣದಲ್ಲಿತ್ತೆಂದು ಕಬ್ಬಿಣದ ಹಲ್ಲಿನ ಗೋರೆಯಿಂದ ಎಳೆದೆ. ಜೋಡಣೆಯ ಹತ್ತಿರ ಶೀಟು ಮೂರು ಬೆರಳಗಲ ಹರಿಯಿತು. ಫೋನ್ ಮಾಡಬಹುದಿತ್ತು. ಮಾಡಿದ್ದರೆ ಮೆಣಸು ಹರಡಿದ್ದನ್ನು ಹೇಳಬೇಕಾಗುತ್ತಿತ್ತು — ಶೆಡ್ಡಿನಲ್ಲಿ ಡಾಂಬರಿನ ಡಬ್ಬವಿತ್ತು. ಬಳಿದೆ. ಮಳೆಗೆ ಮೊದಲು ಕಾಕ ಬಂದಾಗ, ಶೀಟು ನಾನೇ ತೊಳೆದಾಗಿದೆ ಎಂದು ಏಣಿ ಹತ್ತಲು ಬಿಡದೆ ಕಳಿಸಿದೆ.

ಜುಲೈಯಲ್ಲಿ ಒಳಗಿದ್ದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ನೆನೆದು ಮುಗ್ಗಲು ಹಿಡಿದವು. ಮಳೆ ಹೊಳವಾದ ಒಂದು ಮಧ್ಯಾಹ್ನ ಕಾಕ ಬಂದರು. ಹೆಬ್ಬೆರಳು ಎಳೆಯುತ್ತ ಹೋದವರು ಒಂದು ಕಡೆ ನಿಂತರು. ಡಾಂಬರು ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಬೆರಳನ್ನು ಮೂಸಿ ನನ್ನ ಮುಖ ನೋಡಿದರು.

"ಏನಾಗಿದೆ ಸಾಬ್ರೇ?" ಕೆಳಗಿನಿಂದ ಚಿಕ್ಕಪ್ಪ.

ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಅಂಟು ಬಿಟ್ಟಿದೆ ಚಿಕ್ಕಪ್ಪ. ಅವಸರದಲ್ಲಿ ಹಚ್ಚಿದ್ದು ಅನ್ಸತ್ತೆ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಟು ಹಚ್ಚಿದ ದಿನ ಮೋಡವಿತ್ತು, ತಾರಸಿ ಪೂರ್ತಿ ಒಣಗಿರಲಿಲ್ಲ, ಜೋಡಣೆಯ ಅಗಲ ಸಾಲದು — ಒಂದರ ಹಿಂದೆ ಒಂದು. ಅದರಲ್ಲಿ ಒಂದೂ ನನಗೆ ಗೊತ್ತಿದ್ದ ಸಂಗತಿಯಲ್ಲ. ವೇದಿಕೆಯ ಮೇಲೆ ಕಲಿತದ್ದು ಅದನ್ನೇ: ಎದುರಿನವರು ಉಸಿರೆಳೆಯುವಷ್ಟರಲ್ಲಿ ಮುಂದಿನ ಅಂಶ ಇಡಬೇಕು.

"ನನ್ನ ಕೈನೇ ತಪ್ಪಿರ್ಬೋದು ಗೌಡ್ರೇ" ಎಂದರು ಕಾಕ.

ಡಾಂಬರು ಹತ್ತಿದ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆದರು. ಬಟ್ಟೆಯಿಂದ ಒರೆಸಿ ಒಣಗಿಸಿ, ಹೊಸ ತುಂಡು ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ಕುಳಿತರು. ಕತ್ತರಿಸಿದ್ದನ್ನು ಎಸೆಯಲಿಲ್ಲ. ಮಡಿಸಿ ಚೀಲಕ್ಕೆ ಹಾಕಿಕೊಂಡು ಇಳಿದರು.

ಆಮೇಲೆ ವಸ್ತಾರೆ ಕಡೆಯ ಒಂದು ಶಾಲೆಯವರು ತಮ್ಮ ತಾರಸಿಗೆ ಕಾಕನನ್ನು ಕರೆಯಬಹುದೇ ಎಂದು ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ನನ್ನ ಮಾತುಗಳನ್ನೇ ಅವರಿಗೆ ಒಪ್ಪಿಸಿದರು. ನಾನು ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದೆ. ಆ ಕೆಲಸ ಬೇರೆಯವರಿಗೆ ಹೋಯಿತು, ಅದರ ನಂತರದವೂ ಹೋದವು. ಕಾಕ ಈಗ ಪಂಕ್ಚರ್ ಮಾತ್ರ ಹಾಕುತ್ತಾರೆ.

ನಾಲ್ಕು ವರ್ಷದಿಂದ ಶೀಟು ತೊಳೆಯುತ್ತಿರುವವಳು ನಾನು. ಅವರಂತೆಯೇ ಬರಿಗಾಲು, ಸೋಪಿನ ನೀರು, ಹೆಬ್ಬೆರಳು. ಅವರ ಆ ಚೌಕದ ಒಂದು ಅಂಚೂ ಎದ್ದಿಲ್ಲ. ಅದರ ಮೇಲೆ ಬೆರಳು ಹೋಗುವಾಗ ಅಳು ಬರಬೇಕಿತ್ತೇನೋ — ಬರುವುದಿಲ್ಲ. ರಬ್ಬರ್ ಬೆಚ್ಚಗಿರುತ್ತದೆ, ಅಷ್ಟೆ.

ಕಳೆದ ವಾರ ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. "ಹೋಗ್ಲಿ ಬಿಡು. ಈಗ ಅವ್ರಿಗೆ ಹೇಳಿ ಯಾಕೆ ನೋಯಿಸ್ತೀಯ?" ಎಂದರು. ಕಾಕನಿಗೆ ಅವತ್ತೇ ಗೊತ್ತಿತ್ತು ಚಿಕ್ಕಪ್ಪ. ಗೊತ್ತಿಲ್ಲದಿದ್ದದ್ದು ಊರಿಗೆ. ಅದಕ್ಕೇ ಇದನ್ನು ಎಲ್ಲರೂ ಓದುವಂತೆ ಬರೆದಿದ್ದೇನೆ. ಶಾಲೆಯವರಿಗೂ ಒಂದು ಪ್ರತಿ ಕಳಿಸುತ್ತೇನೆ. ನಿಮ್ಮ ಅಂಗಡಿಗೆ ನಾನೇ ತರುತ್ತೇನೆ ಕಾಕ.

ವಾದ ಮಾಡಲಿಕ್ಕೆ ಬರುತ್ತಿಲ್ಲ. ಒಂದೇ ಪ್ರಶ್ನೆ. ಚಿಕ್ಕಪ್ಪ ಏಣಿಯ ಬುಡದಲ್ಲೇ ನಿಂತಿದ್ದರು, ಪುರಾವೆ ನಿಮ್ಮ ಕೈಯಲ್ಲಿತ್ತು — ಆ ತುಂಡನ್ನು ಯಾಕೆ ಮಡಿಸಿ ಚೀಲಕ್ಕೆ ಹಾಕಿಕೊಂಡಿರಿ?