ದೊಡ್ಡಮ್ಮ ಸೇರಿಕೊಂಡ ಕ್ಯಾಸೆಟ್

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಡಲೊಡ ಎನ್ನುತ್ತದಲ್ಲ, ಆ ಸದ್ದು ಹೋದ ವಾರ ಬೇಲೂರಿನಲ್ಲಿ, ಅಣ್ಣನ ಮನೆಯಲ್ಲಿ, ಒಂದು ಹಳೇ ಕ್ಯಾಸೆಟ್ಟಿನೊಳಗಿಂದ ಕೇಳಿಸಿತು. ಕೇಳಿದ್ದೇ ತಡ, ಅರಸೀಕೆರೆಯ ನಮ್ಮ ಮನೆಯ ಅಟ್ಟ, ಅಲ್ಲಿ ತಿಂಗಳುಗಟ್ಟಲೆ ಒಣಗುತ್ತಿದ್ದ ಕಾಯಿಗಳ ಘಾಟು, ಕೆಳಗೆ ನಡುಮನೆಯಲ್ಲಿ ಕಾಲು ಚಾಚಿ ಕೂತ ದೊಡ್ಡಮ್ಮ, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂದವು. ಯಾವ ಕಾಯಿ ಕೊಬ್ಬರಿಯಾಗಿದೆ, ಯಾವುದು ಇನ್ನೂ ಹಸಿ ಎಂಬುದನ್ನು ಅವಳು ಅಲ್ಲಾಡಿಸಿ ಕೇಳಿಯೇ ಹೇಳುತ್ತಿದ್ದಳು. ಆ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲಿದೆ. ನಿಮ್ಮ ಹಳೇ ಮನೆಯೂ ಹೀಗೇ ಹೋಗಿದ್ದರೆ ನನ್ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಣ್ಣ ತನ್ನ ಸ್ನೇಹಿತನಿಂದ ಒಂದು ಪಾಪ್ ತಂಡದ ಕ್ಯಾಸೆಟ್ ಎರವಲು ತಂದಿದ್ದ. ಅಂಥ ಕಲಸುಮೇಲೋಗರ ನಾನು ಮತ್ತೆ ಕೇಳಿಲ್ಲ. ಮೊದಲ ಹಾಡಿನಲ್ಲಿ ಗಿಟಾರು ಕಿರುಚಿದರೆ ಎರಡನೆಯದರಲ್ಲಿ ತಮಟೆ, ಮೂರನೆಯದಕ್ಕೆ ಕವ್ವಾಲಿಯ ಚಪ್ಪಾಳೆ, ನಾಲ್ಕನೆಯದರಲ್ಲಿ ಯಾರೋ ಏಕತಾರಿ ಮೀಟುತ್ತಾ ತತ್ವಪದದ ಧಾಟಿಯಲ್ಲಿ ಹಾಡುತ್ತಿದ್ದ. ಅದರ ಬೆನ್ನಿಗೇ ಡಿಸ್ಕೋ! ದಿನಾ ಬೆಳಿಗ್ಗೆ ವಿಭೂತಿ ಧರಿಸಿ ವಚನ ಹೇಳುತ್ತಿದ್ದ ದೊಡ್ಡಪ್ಪ ನಾಲ್ಕನೆಯದಕ್ಕೆ ಮಾತ್ರ ತಲೆದೂಗಿ, ಡಿಸ್ಕೋ ಶುರುವಾದೊಡನೆ ಟವೆಲ್ ಕೊಡವಿಕೊಂಡು ಎದ್ದು ಹೋಗುತ್ತಿದ್ದರು. ದೊಡ್ಡಮ್ಮನಿಗೆ ಆ ಭೇದವಿರಲಿಲ್ಲ. "ಎಲ್ಲಾನೂ ಒಂದೇ ಎಲೇಲಿ ಬಡಿಸವ್ರೆ ಕಣೇ. ಚೆನ್ನಾಗೈತೆ," ಎಂದಳು.

ವಾಪಸ್ ಕೊಡುವ ಮೊದಲು ಅದರ ನಕಲು ನನಗೆ ಬೇಕೇ ಬೇಕಿತ್ತು. ಪಕ್ಕದ ಮನೆಯವರ ಟೇಪ್ ರೆಕಾರ್ಡರನ್ನು ನಮ್ಮದರ ಎದುರಿಗಿಟ್ಟು, ಒಂದರಲ್ಲಿ ಹಾಡು ಹಾಕಿ ಇನ್ನೊಂದರಲ್ಲಿ ರೆಕಾರ್ಡ್ ಒತ್ತುವುದು. ನಮಗೆ ಗೊತ್ತಿದ್ದುದು ಅಷ್ಟೇ. ಅದು ಮುಗಿಯುವ ತನಕ ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ದೊಡ್ಡಮ್ಮ ಕಾಯಿ ಅಲ್ಲಾಡಿಸುವುದನ್ನೇನೋ ನಿಲ್ಲಿಸಿದ್ದಳು. ಆದರೆ ಏಕತಾರಿಯ ಹಾಡು ಬಂದಾಗ ಮೈಮರೆತು, ತವರೂರು ಜಾವಗಲ್ಲಿನ ಮದುವೆಮನೆಗಳಲ್ಲಿ ಕಲಿತ ಸೋಬಾನೆಯನ್ನು ಅದರ ಜೊತೆಗೇ ಎತ್ತಿಕೊಂಡಳು. ನನಗೆಲ್ಲಿತ್ತೋ ಆ ಸಿಟ್ಟು! "ಎಲ್ಲಾ ಹಾಳು ಮಾಡ್ದೆ! ನಿಂದೂ ಒಂದು ಹಾಡಾ? ಇನ್ಮೇಲೆ ಹಾಡ್ಲೇಬೇಡ ಹೋಗು!" ಎಂದು ಕೂಗಿದೆ. "ತಪ್ಪಾಯ್ತು ಕಣವ್ವಾ," ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾರನೇ ದಿನ ನಾನು ಸ್ಕೂಲಿಗೆ ಹೋಗಿದ್ದಾಗ ಅಣ್ಣ ಎರಡನೇ ಬದಿಯನ್ನು ರೆಕಾರ್ಡ್ ಮಾಡಿಟ್ಟ. ಹಠಮಾರಿ ನಾನು ಆ ಕ್ಯಾಸೆಟ್ಟನ್ನು ಮುಟ್ಟಲೂ ಇಲ್ಲ. ಮುಂದಿನ ಬೇಸಿಗೆಗೆ ದೊಡ್ಡಮ್ಮ ತೀರಿಕೊಂಡಳು. ಅಷ್ಟರೊಳಗೆ ಒಮ್ಮೆಯೂ ಅವಳು ನನ್ನೆದುರು ಹಾಡಲಿಲ್ಲ. ನಾನಾಡಿದ ಆ ಮಾತು ಮುಳ್ಳಿನಂತೆ ನನ್ನೊಳಗೇ ಮುರಿದುಕೊಂಡು ಉಳಿಯಿತು. ಯಾರ ಮದುವೆಯಲ್ಲಿ ಸೋಬಾನೆ ಕೇಳಿದರೂ ನಾನು ಏನಾದರೂ ನೆಪ ಹೇಳಿ ಹೊರಗೆ ಬಂದುಬಿಡುತ್ತಿದ್ದೆ.

ಹೋದ ವಾರ ಅಣ್ಣ ಟ್ರಂಕು ಖಾಲಿ ಮಾಡುವಾಗ ಸಿಕ್ಕ ಆ ಕ್ಯಾಸೆಟ್ಟನ್ನು, ರಿಪೇರಿ ಮಾಡಿಸಿದ್ದ ಟೇಪ್ ರೆಕಾರ್ಡರಿಗೆ ತಮಾಷೆಗೆಂದು ಹಾಕಿದ. ಹಾಕಿದ್ದು ಎರಡನೇ ಬದಿ. ಬ್ಯಾಂಡ್‌ಸೆಟ್ಟಿನಂಥ ಒಂದು ಹಾಡಿನ ಹಿಂದೆ ಲೊಡಲೊಡ ಸದ್ದು, ಆಮೇಲೆ ಹುಡುಗನಾಗಿದ್ದ ಅಣ್ಣನ ಗಾಬರಿಯ ದನಿ: "ದೊಡ್ಡಮ್ಮಾ, ಸುಮ್ನಿರು, ಅವ್ಳು ಮತ್ತೆ ಬಯ್ತಾಳೆ!" ಅಣ್ಣ ಇದನ್ನು ಮರೆತೇಬಿಟ್ಟಿದ್ದ. ಅದಕ್ಕೆ ದೊಡ್ಡಮ್ಮನ ನಗು. "ಬಯ್ಲಿ ಬಿಡೋ, ನಮ್ ಮಗೀನೇ ತಾನೆ. ಅವ್ಳಿರುವಾಗ ಸುಮ್ಕಿರ್ತೀನಿ, ಈಗ ಹಾಡ್ತೀನಿ." ಹಾಗೆಂದವಳು ಆ ಬ್ಯಾಂಡಿಗೂ ಬಗ್ಗದೆ ಗಂಟಲೆತ್ತಿ ಸೋಬಾನೆ ಹಾಡತೊಡಗಿದಳು. ನಾನು ನೆಲದ ಮೇಲೇ ಕೂತು ಅತ್ತೆ. ಅಬ್ಬಾ, ಅವಳ ಬಾಯಿ ಮುಚ್ಚಿಸುವುದು ನನ್ನಿಂದ ಆಗಿರಲೇ ಇಲ್ಲ.