ನಾನಿ ಕುದಿಸಿಟ್ಟ ಸೀಸೆಗಳು

ಮೈದಾ ಹಿಟ್ಟಿನ ಅಂಟು ಕುದಿಯುವ ಹುಳಿ ವಾಸನೆ ಎಲ್ಲಿಂದ ಬಂದರೂ ನನಗೆ ಭದ್ರಾವತಿಯ ಹಳೇನಗರದ ಆ ಮನೆ ಕಾಣುತ್ತದೆ. ಮುಂದುಗಡೆ ಅಜ್ಜನ ಗುಜರಿ ಅಂಗಡಿ. ಹಿತ್ತಿಲಿನ ಹಂಡೆಯಲ್ಲಿ, ಬೂದಿನೀರಿನೊಳಗೆ ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತ ಕುದಿಯುವ ಖಾಲಿ ಸೀಸೆಗಳು. ಅವುಗಳೆದುರು ಸೆರಗು ಬಿಗಿದು ಕೂತವಳು ನನ್ನ ತಾಯಿಯ ತಾಯಿ, ನಾನಿ. ಬೀದಿಯವರಿಗೆಲ್ಲ ಅವಳು ಬೂಬಮ್ಮ.

ಆ ಕಾಲದ ಕೂಲಿಜನ ಮೂಢನಂಬಿಕೆಯಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲವೆಂದು ಬಲ್ಲವರು ಬರೆಯುತ್ತಾರೆ. ಮೂರನೆಯ ತರಗತಿಗೆ ಶಾಲೆ ಬಿಟ್ಟು, ಅಜ್ಜನ ಅಂಗಡಿಯ ರದ್ದಿ ಕಾಗದಗಳಿಂದಲೇ ಓದು ಕಲಿತವಳು ನಾನು. ಅಚ್ಚಾದದ್ದೆಲ್ಲ ಕೊನೆಗೆ ಎಲ್ಲಿಗೆ ಬರುತ್ತದೆಂದು ಬಲ್ಲೆ. ಆ ಜನ ಮೆಟ್ಟಿಲು ಹತ್ತುತ್ತಿದ್ದರು. ಹತ್ತಿ, ಬರಿಗೈಯಲ್ಲಿ ಇಳಿಯುತ್ತಿದ್ದರು. ಧರ್ಮಾಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ಆದರೆ ಸೀಸೆ ರೋಗಿಯೇ ತರಬೇಕು. ಕಾರ್ಖಾನೆಯ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಗುಡಿಸಲುಗಳಲ್ಲಿದ್ದ ಗುತ್ತಿಗೆ ಕೂಲಿಗಳ ಮನೆಯಲ್ಲಿ ಗಾಜಿನ ಸೀಸೆಯೆಂದರೆ ಸೀಮೆಎಣ್ಣೆಯದೊಂದೇ. ಅದನ್ನು ಮೂಸಿ ನೋಡಿ ಕಾಂಪೌಂಡರು ಹಿಂದಕ್ಕೆ ಕೊಡುತ್ತಿದ್ದರು. ಹಾಗೆ ಹಿಂದಿರುಗುತ್ತಿದ್ದ ಒಬ್ಬಳನ್ನು ಕಂಡ ದಿನದಿಂದ ನಾನಿ ಗುಜರಿಗೆ ಬಂದ ಸೀಸೆಗಳನ್ನು ಕುದಿಸಿಡತೊಡಗಿದಳು. ಅಕ್ಷರ ಬಾರದವರಿಗೂ ತಿಳಿಯಲೆಂದು, ಪಕ್ಕದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸುತ್ತಿದ್ದಳು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಔಷಧಿ. ಅಳತೆಯನ್ನು ಕಾಂಪೌಂಡರೇ ತೋರಿಸಿಕೊಟ್ಟಿದ್ದರು. "ಗುಜರಿ ನಂದು, ದವಾಖಾನೆ ನಿಂದು ಆಯ್ತಲ್ಲ ಮಾರಾಯ್ತಿ" ಎಂದು ಅಜ್ಜ ಛೇಡಿಸುತ್ತಿದ್ದರೂ, ಒಳ್ಳೆಯ ಸೀಸೆಗಳನ್ನು ತಾವೇ ಆರಿಸಿ ಒಳಗೆ ಕಳಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಚಿನ್ನತಾಯಿ ಎಂಬ ತಮಿಳು ಹೆಂಗಸು ಸೀಸೆ ಒಯ್ದಳು. ಐದು ವರ್ಷದ ಮಗಳು ಸೆಲ್ವಿಗೆ ಚಳಿಜ್ವರ. ಔಷಧಿ ಸಿಕ್ಕಿತು. ಎರಡು ದಿನ ಕಳೆದ ಮೇಲೆ ಚಿನ್ನತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ಸೆಲ್ವಿಯ ತುಟಿ ಒಡೆದಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ಔಷಧಿ ಏನಾಯಿತೆಂದು ನಾನಿ ಕೇಳಿದಳು.

"ಮನೇಲಿ ಹಂಗೇ ಐತೆ ಬೂಬಮ್ಮ, ಒಂದು ತೊಟ್ಟೂ ಚೆಲ್ಲಿಲ್ಲ."

"ಮತ್ತೆ ಮಗೂಗೆ ಏನು ಕುಡಿಸ್ದೆ?"

"ನೀವು ಹಚ್ಚಿದ ಚೀಟಿ. ನೀರಲ್ಲಿ ತೊಳೆದು, ಮೂರು ಹೊತ್ತೂ."

ನಮ್ಮ ಬೀದಿಯ ದರ್ಗಾದಲ್ಲಿ ಜ್ವರಕ್ಕೆ ಬರೆದುಕೊಡುತ್ತಿದ್ದ ಚೀಟಿಯನ್ನು ಎಲ್ಲ ಜಾತಿಯವರೂ ಹಾಗೆಯೇ ನೀರಿನಲ್ಲಿ ತೊಳೆದು ಕುಡಿಸುತ್ತಿದ್ದರು. ಬೂಬಮ್ಮ ಕೊಟ್ಟ ಚೀಟಿಯೂ ಅಂಥದೇ ಎಂದು ಆ ತಾಯಿ ತಿಳಿದಿದ್ದಳು. ಸೀಸೆಯನ್ನು ದೇವರ ಪಟದ ಬಳಿ ಜೋಪಾನವಾಗಿ ಇಟ್ಟಿದ್ದಳು. ನೆರೆಯ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ನಾನಿ ಅವರ ಕಡೆ ತಿರುಗಿದಳು. "ನಗಬೇಡಿ. ಕತ್ತರಿಸಿದ್ದು ನಾನು. ಹೇಳಿಕೊಡದೇ ಇದ್ದದ್ದೂ ನಾನೇ."

ಅಂದೇ ಸೆಲ್ವಿಯನ್ನು ಆಸ್ಪತ್ರೆಗೆ ಒಯ್ದು, ನಡೆದದ್ದನ್ನು ತನ್ನ ತಪ್ಪೆಂದೇ ಹೇಳಿ, ಹೊಸ ಪಟ್ಟಿ ಹಚ್ಚಿದ ಸೀಸೆಗೆ ಔಷಧಿ ಹಾಕಿಸಿಕೊಂಡಳು. ಆಮೇಲೆ ಆ ಗುಡಿಸಲಿಗೇ ಹೋಗಿ ಕೂತಳು. ಅಲ್ಲಿಗೆ ಗಂಜಿ ಒಯ್ಯುತ್ತಿದ್ದವಳು ನಾನು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದು ಕಹಿಗೆ ಮುಖ ತಿರುಗಿಸಿದಾಗಲೆಲ್ಲ ತನ್ನ ನಾಲಗೆಗೂ ಒಂದು ಹನಿ ತಾಗಿಸಿಕೊಂಡು ಮುಖ ಹಿಂಡಿ ತೋರಿಸಿ, ನಾನಿ ಕುಡಿಸುತ್ತಿದ್ದಳು. ಪ್ರತಿ ಸಲವೂ ಚಿನ್ನತಾಯಿಯ ಬೆರಳು ಹಿಡಿದು ಪಟ್ಟಿಯ ಹಲ್ಲಿನ ಮೇಲೆ ಇಡಿಸುತ್ತಿದ್ದಳು. ಮೂರನೆಯ ಬೆಳಗ್ಗೆ ಸೆಲ್ವಿ ಬೆವೆತು, ಎದ್ದು ಕೂತು, ಗಂಜಿಗೆ ಉಪ್ಪು ಸಾಲದೆಂದು ದೂರಿದಳು. ನಾನಿ ಅಳುವುದನ್ನು ನಾನು ನೋಡಿದ್ದು ಆಗೊಮ್ಮೆ ಮಾತ್ರ. ಅಂದಿನಿಂದ ಸೀಸೆ ಒಯ್ದವರೆಲ್ಲ ಮೊದಲ ಹೊತ್ತಿನ ಔಷಧಿಯನ್ನು ನಮ್ಮ ಜಗುಲಿಯಲ್ಲೇ ಕುಡಿಸಿ ಹೋಗಬೇಕೆಂಬುದು ಅವಳ ಕಟ್ಟಳೆಯಾಯಿತು.

ಕಾಮಗಾರಿ ಮುಗಿದ ಮೇಲೆ ಗುಡಿಸಲುಗಳು ಎದ್ದುಹೋದವು. ಚಿನ್ನತಾಯಿಯವರು ಯಾವ ಊರು ಸೇರಿದರೋ ತಿಳಿಯಲಿಲ್ಲ. ಅಜ್ಜ ಹೋದರು, ನಾನಿ ಹೋದಳು, ಮನೆಯೂ ಹೋಯಿತು. ಸೆಲ್ವಿ ಇದ್ದರೆ ಈಗ ನನ್ನಂತೆಯೇ ಮುದುಕಿ. ಎರಡು ಹಗಲು ತಾನು ಯಾರ ತೊಡೆಯ ಮೇಲೆ ಮಲಗಿದ್ದೆನೆಂಬುದು ಅವಳಿಗೆ ನೆನಪಿರಲಾರದು. ನೆನಪಿರುವವಳು ನಾನೊಬ್ಬಳು ಉಳಿದಿದ್ದೇನೆ.