ಹೊಸ್ತಿಲಲ್ಲಿ ಎರಡೂ ಕಡೆ ನೋಡುವವನು

ಸಿಂದಗಿಯ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದ ಸ್ಪೇನ್ ದೇಶದವನಿಗೆ ಒಂದು ಅಭ್ಯಾಸವಿತ್ತು. ಏನನ್ನೇ ಕೈಗೆ ತೆಗೆದುಕೊಳ್ಳುವ ಮುಂಚೆ ಕತ್ತು ಹೊರಳಿಸಿ ಮೊದಲು ಎಡಭುಜದ ಹಿಂದೆ, ಆಮೇಲೆ ಬಲಭುಜದ ಹಿಂದೆ ನೋಡುತ್ತಿದ್ದ. ನೀರಿನ ತಂಬಿಗೆ ಕೊಟ್ಟರೂ ಅಷ್ಟೇ, ರೊಟ್ಟಿಯ ತಾಟು ಇಟ್ಟರೂ ಅಷ್ಟೇ. ಹೊಸ್ತಿಲು ದಾಟುವಾಗಲಂತೂ ತಪ್ಪುತ್ತಲೇ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಒಮ್ಮೆ ಗಮನಿಸಿದವರಿಗೆ ಮತ್ತೆ ಅದೇ ಕಾಣುತ್ತಿತ್ತು.

ಎಪ್ಪತ್ತರ ದಶಕದ ಮಾತು. ದೊಡ್ಡ ಬರ ಕಳೆದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಲು ಒಂದು ಸೇವಾಸಂಸ್ಥೆಯವರು ಬಂದಿದ್ದರು. ಕೊರೆಯುವ ಗಾಡಿಯ ಮೇಲ್ವಿಚಾರಣೆ ಇವನದು. ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮನೆಯಲ್ಲಿ ಇದ್ದವರು ಸಾಲಿ ಮಾಸ್ತರರಾದ ನನ್ನ ಗಂಡ, ಅತ್ತೆ, ನಾನು. ಮುಂದಿನ ಕೋಣೆ ನನ್ನ ಮೈದುನನದು. ಹೊಲದ ಬಾವಿಯಲ್ಲಿ ಅವನು ತೀರಿಕೊಂಡ ಮೇಲೆ ಕೋಣೆಗೆ ಕೀಲಿ ಹಾಕಿಯೇ ಇತ್ತು. ಖಾಲಿ ಬಿಟ್ಟರೆ ಗೆದ್ದಲು ಹತ್ತುತ್ತದೆ ಎಂದು ನನ್ನ ಗಂಡ ಬಾಡಿಗೆಗೆ ಕೊಟ್ಟರು. ಅತ್ತೆ ಗೂಟಕ್ಕೆ ತೂಗುಹಾಕಿದ್ದ ಮಗನ ಅಂಗಿಯನ್ನು ಮಾತ್ರ ತೆಗೆದು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಸ್ಪೇನಿನವನು ಗಾಡಿಯ ಕೂಲಿಯವರಿಂದ ಕನ್ನಡ ಕಲಿತಿದ್ದ. ಹಿರಿಯರಿಗೆ ‘ರಿ’ ಹಚ್ಚಬೇಕೆಂದು ಯಾರೋ ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ನಮ್ಮ ಎಮ್ಮೆಯ ಕರುವಿಗೂ “ಸರೀರಿ, ಸ್ವಲ್ಪ ಸರೀರಿ” ಎನ್ನುತ್ತಿದ್ದ. ತನ್ನ ದೇಶದಲ್ಲಿ ಎಷ್ಟೋ ವರ್ಷ ಫುಟ್‌ಬಾಲ್ ಆಡಿ ಅದರಿಂದಲೇ ಹೊಟ್ಟೆ ಹೊರೆದವನಂತೆ. ಅತ್ತೆಗೆ ಅದು ನಂಬಿಕೆಯಾಗಲಿಲ್ಲ.

“ಚೆಂಡ ಒದಿಯಾಕ ಪಗಾರ ಕೊಡ್ತಾರ?”

“ಕೊಡ್ತಾರ್ರಿ.”

“ಹಂಗಾರ ಅದನ್ನ ಬಿಟ್ಟು ಇಲ್ಲಿ ಕಲ್ಲ ಕೊರಿಯಾಕ ಯಾಕ ಬಂದಿಯೋ ಮಾರಾಯಾ?”

ಅವನು ಪ್ಯಾಂಟನ್ನು ಮೇಲೆ ಸರಿಸಿ ಬಲಮಂಡಿ ತೋರಿಸಿದ. ಮಂಡಿಯ ಉದ್ದಕ್ಕೂ ಗೋಣಿಚೀಲ ಹೊಲಿದಂತೆ ಹೊಲಿಗೆ. ಅಂದಿನಿಂದ ಅತ್ತೆ ಔಡಲದ ಎಲೆಗೆ ಎಣ್ಣೆ ಸವರಿ, ಹೆಂಚಿನ ಮೇಲೆ ಬಿಸಿ ಮಾಡಿ, ಅವನ ಮಂಡಿಗೆ ಕಟ್ಟತೊಡಗಿದರು. ಅತ್ತೆಯ ಕೈ ಅಷ್ಟು ಸಮಾಧಾನದಿಂದ ಓಡುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಒಂದು ಸಂಜೆ ಹಿಟ್ಟು ನಾದುತ್ತಿದ್ದಾಗ ಅತ್ತೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು: “ಅಂವಾ ಹೊಸ್ತಿಲದಾಗ ಹಿಂದ ನೋಡ್ತಾನಲ್ಲ, ಅಲ್ಲಿ ನಮ್ಮ ಸಣ್ಣವ ನಿಂತಿರ್ತಾನ. ನನಗ ಕಾಣವಲ್ಲ. ಅವಗ ಕಾಣ್ತಾನ.”

ಅಂದಿನಿಂದ ಆ ಕೋಣೆಯ ಮುಂದೆ ಕಸ ಗುಡಿಸುವಾಗ ನನ್ನ ಬೆನ್ನಿಗೂ ಯಾರದೋ ಉಸಿರು ತಾಗಿದಂತಾಗುತ್ತಿತ್ತು. ಅತ್ತೆ ಅವನ ತಾಟಿನ ಪಕ್ಕದಲ್ಲಿ ಇನ್ನೊಂದು ತಾಟು ಇಡತೊಡಗಿದರು. ಅದರಲ್ಲಿ ಅರ್ಧ ರೊಟ್ಟಿ, ಒಂದು ಚಿಟಿಕೆ ಶೇಂಗಾ ಹಿಂಡಿ. ಅವನು ಆ ತಾಟಿಗೆ ಜಾಗವಾಗಲೆಂದು ಸ್ವಲ್ಪ ಸರಿದು ಕೂಡುತ್ತಿದ್ದ.

ಒಂದು ರವಿವಾರ ನನ್ನ ಗಂಡ ಅವನನ್ನು ಆಟದ ಬಗ್ಗೆ ಕೇಳಿದರು. ಇಂಡಿಯಿಂದ ಬರುವಾಗ ಅವನು ಒಂದು ಚೀಲ ನಿಂಬೆಹಣ್ಣು ತಂದಿದ್ದ. ಅವನ್ನು ನೆಲದ ಮೇಲೆ ಸಾಲಾಗಿ ಹೊಂದಿಸಿದ. ಎದುರಿನ ತಂಡಕ್ಕೆ ನನ್ನಿಂದ ಹಸಿಮೆಣಸಿನಕಾಯಿ ಇಸಿದುಕೊಂಡ. ನಟ್ಟನಡುವಿನ ಒಂದು ನಿಂಬೆಹಣ್ಣನ್ನು ಮುಟ್ಟಿ “ಇದು ನಾನ್ರಿ” ಎಂದ. ಅವನದು ನಡುವಿನ ಆಟಗಾರನ ಕೆಲಸವಂತೆ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸುವುದು. ಗೋಲು ಹೊಡೆಯುವವರನ್ನು ಜನ ಹೆಗಲ ಮೇಲೆ ಹೊರುತ್ತಾರೆ, ತಡೆಯುವವರನ್ನು ಹೊಗಳುತ್ತಾರೆ, ನಡುವಿನವನು ಅಲ್ಲಿದ್ದನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಊರಿನ ಕೆಸರು ಮೈದಾನದಲ್ಲಿ ಶುರುಮಾಡಿ, ಸಣ್ಣ ತಂಡ, ಆಮೇಲೆ ದೊಡ್ಡ ತಂಡ, ಮತ್ತೆ ಸಣ್ಣ ತಂಡ. ಎಲ್ಲ ಕಡೆಯೂ ನಡುವೆಯೇ.

“ನಡುವ ನಿಂತವಗ ನಾಕೂ ಕಡಿಯಿಂದ ಮಂದಿ ಬರ್ತಾರ್ರಿ. ಚೆಂಡ ಬರೂದಕ್ಕ ಮೊದಲ ಹಿಂದ ನೋಡಬೇಕು. ಚೆಂಡ ಬಂದ ಮ್ಯಾಲ ನೋಡಾಕ ಟೈಮ್ ಇರಂಗಿಲ್ಲ. ಒಂದ ಸಲ ನೋಡಲಿಲ್ಲ.” ಒಂದು ಮೆಣಸಿನಕಾಯಿಯನ್ನು ಹಿಂದಿನಿಂದ ತಂದು ತನ್ನ ನಿಂಬೆಹಣ್ಣಿಗೆ ತಾಗಿಸಿದ. “ಆಟ ಮುಗೀತ್ರಿ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: “ಹಿಂದ ನೋಡಿದರ ಯಾರಿರ್ತಾರ?”

“ನಮ್ಮವರೂ ಇರ್ತಾರ್ರಿ, ಬ್ಯಾರೆಯವರೂ ಇರ್ತಾರ.”

ಅತ್ತೆ ಅದರಲ್ಲಿ ಮೊದಲಿನ ಅರ್ಧವನ್ನಷ್ಟೇ ಕೇಳಿಸಿಕೊಂಡರು. “ನಮ್ಮವನೂ ಹಿಂದ ನೋಡಲಿಲ್ಲಪಾ. ಬಾವಿ ಮ್ಯಾಲ ನೀರ ಎತ್ತೂ ಎತ್ತುಗೋಳನ್ನ ಹಿಂದಕ್ಕ ನಡಿಸಿಗೋತ ಬಂದ, ಬಂದ, ದಂಡಿ ಮುಗೀತು” ಎಂದು ಹೇಳಿ, ಸೆರಗು ಹೊದ್ದು ಒಳಗೆ ಹೋದರು. ಸ್ಪೇನಿನವನು ತನ್ನ ನಿಂಬೆಹಣ್ಣಿಗೆ ತಾಗಿಸಿದ್ದ ಮೆಣಸಿನಕಾಯಿಯನ್ನು ಮೆಲ್ಲಗೆ ದೂರ ಸರಿಸಿದ.

ಅದೇ ಹೊತ್ತಿಗೆ ಬಾಜೂ ಮನೆಯ ಹಿರಿಯಳು, ನಾವೆಲ್ಲ ಕಾಕು ಎನ್ನುವವಳು, ಮಜ್ಜಿಗೆ ಕೇಳಲು ಬಂದಳು. ಕೋಣೆಯ ನೆಲದ ತುಂಬ ನಿಂಬೆಹಣ್ಣು, ಮೆಣಸಿನಕಾಯಿ. ಮಜ್ಜಿಗೆಯ ಚೆಂಬನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಗೊತ್ತಾಯಿತು: ಮಾಸ್ತರರ ಮನೆಯ ಬಿಳಿಯನಿಗೆ ಗಾಳಿ ಬಡಿದಿದೆ, ಮನೆಯೊಳಗೇ ಮಾಟದ ಸಾಮಾನು ಹರಡಿಕೊಂಡು ಕೂಡುತ್ತಾನೆ. ನಮ್ಮ ಹಿತ್ತಿಲಿನ ಸೇದುವ ಬಾವಿಗೆ ಹೆಂಗಸರು ಬರುವುದು ನಿಂತಿತು.

“ಅದು ಆಟದ ನಕಾಶೆ ಕಾಕು,” ಎಂದು ನನ್ನ ಗಂಡ ತಿಳಿಸಿ ಹೇಳಿದರು.

“ನೀ ಸಾಲಿ ಕಲಿಸಾವ, ನಿನಗೇನ ತಿಳಿತೈತಿ. ಅವಗ ನಿವಾಳಿಸಿ ಒಗಿಸ್ರಿ. ಇಲ್ಲಾಂದ್ರ ಖೋಲಿ ಬಿಡಸ್ರಿ.”

ಅವನಿಗೆ ಬೇರೆ ಕೋಣೆ ಕೊಡುವವರು ಊರಲ್ಲಿ ಯಾರೂ ಇರಲಿಲ್ಲ. ನಿವಾಳಿಸಲು ನನ್ನ ಗಂಡ ಒಪ್ಪಿಕೊಂಡರು. ಅವನೂ ನಕ್ಕು ಒಪ್ಪಿದ. ಒಪ್ಪದವರು ಅತ್ತೆ ಒಬ್ಬರೇ. ಆದರೆ ಬಾಯಿಬಿಟ್ಟು ಹೇಳಲಾರರು. ಅವನ ಬೆನ್ನಿಗಿರುವವನು ತಮ್ಮ ಮಗ. ನಿವಾಳಿಸಿ ಒಗೆದರೆ ಹೋಗುವವನೂ ಅವನೇ. ಅಮಾವಾಸ್ಯೆಯ ದಿನ ನಿವಾಳಿಸುವ ಅನ್ನದ ಉಂಡೆಯನ್ನು ಅವರು ಅರೆಮನಸ್ಸಿನಿಂದ ಕಟ್ಟುತ್ತಿದ್ದರು. ಉಂಡೆ ಒಡೆದು ಒಡೆದು ಬೀಳುತ್ತಿತ್ತು. ಕೊನೆಗೆ ನಾನೇ ಕಟ್ಟಿದೆ.

ಹೊತ್ತು ಮುಳುಗುವ ಮುಂಚೆ ಮೂರು ದಾರಿ ಕೂಡುವಲ್ಲಿ ಕಾಕು ಅವನ ಮೈಮೇಲೆ ನಿವಾಳಿಸಿ ಉಂಡೆಯನ್ನು ಒಗೆದಳು. “ಇನ್ನ ಮನಿ ಮುಟ್ಟೂತನಕ ತಿರುಗಿ ನೋಡಬ್ಯಾಡ. ನೋಡಿದರ ಬಿಟ್ಟದ್ದು ಮತ್ತ ಬೆನ್ನ ಹತ್ತತೈತಿ” ಎಂದಳು.

“ಆಗಲಿರಿ.”

ಅತ್ತೆ ನಮ್ಮ ಕಟ್ಟೆಯ ಮೇಲೆ ಕಂಬ ಹಿಡಿದು ನಿಂತಿದ್ದರು. ಅವನು ಕತ್ತು ಬಿಗಿಹಿಡಿದು ಕುಂಟುತ್ತ ಬಂದ. ಓಣಿಯ ಬಾಗಿಲುಗಳಲ್ಲೆಲ್ಲ ಹೆಂಗಸರು. ಬೇವಿನ ಗಿಡ ದಾಟಿದ, ಕಟ್ಟೆ ಏರಿದ, ಹೊಸ್ತಿಲಿಗೆ ಕಾಲೆತ್ತಿದ. ಕತ್ತು ತಾನಾಗಿಯೇ ಹೊರಳಿತು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

“ಅಯ್ಯ, ಕೆಡಿಸಿದ” ಎಂದಳು ಕಾಕು.

ಅವನ ಮುಖ ಕೆಂಪಾಯಿತು. “ತಪ್ಪಾತ್ರಿ ಅವ್ವಾ.”

“ಇರಲಿ ಬಿಡಪಾ, ಛಲೋನ ಆತು. ಒಳಗ ಬಾ” ಎಂದರು ಅತ್ತೆ. ಅಂದು ಊಟಕ್ಕೆ ಎರಡನೆಯ ತಾಟಿನಲ್ಲಿ ಇಡೀ ರೊಟ್ಟಿ ಇತ್ತು.

ಹೆಂಗಸರು ನೀರಿಗಾಗಿ ಎಷ್ಟು ದಿನ ದೂರ ನಡೆದಾರು? ಬೇಸಿಗೆ ಏರುತ್ತಿದ್ದಂತೆ ಒಬ್ಬೊಬ್ಬರಾಗಿ ನಮ್ಮ ಬಾವಿಗೇ ಬಂದರು. ಮಳೆಗಾಲದ ಮುಂಚೆ ಕೊರೆಯುವ ಗಾಡಿ ಮುದ್ದೇಬಿಹಾಳದ ಕಡೆ ಹೋಗಬೇಕಾಯಿತು. ಅವನು ಟ್ರಂಕು ಕಟ್ಟಿದ. ಜೀಪು ಬೇವಿನ ಗಿಡದ ಕೆಳಗೆ ನಿಂತಿತ್ತು. ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಅವನು ಎದ್ದಾಗ ಅತ್ತೆ ಅವನ ತೋಳು ಹಿಡಿದುಕೊಂಡರು.

“ಖರೇ ಹೇಳು. ಅದಾನೇನು?”

ಅವನು ಕೋಣೆಯ ಕಡೆ ನೋಡಿದ. ಸುಳ್ಳು ಹೇಳುವವನ ಮುಖವಾಗಿರಲಿಲ್ಲ ಅದು. ಏನೂ ಕಾಣದವನ ಮುಖವೂ ಅಲ್ಲ.

“ಅದಾನ್ರಿ.”

“ಹಂಗಾರ ನಿನ್ನ ಸಂಗತಿ ಕರಕೊಂಡ ಹೋಗಬ್ಯಾಡಪಾ. ಇಲ್ಲೇ ಬಿಟ್ಟ ಹೋಗು.”

ಅವನು ಆಗಲೆಂದು ತಲೆಯಾಡಿಸಿದ. ಟ್ರಂಕು ಎತ್ತಿಕೊಂಡು ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತ. ಕತ್ತಿನ ನರ ಉಬ್ಬಿ ನಿಂತಿದ್ದು ನನಗೆ ಕಾಣುತ್ತಿತ್ತು. ಆಮೇಲೆ ದಾಟಿದ. ಕಟ್ಟೆ ಇಳಿದ, ಬೇವಿನ ಗಿಡದವರೆಗೆ ನಡೆದ. ದಾರಿಯಲ್ಲಿ ಹಿಂದಿನಿಂದ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಮೈಗೆ ತಾಗುವಷ್ಟು ಹತ್ತಿರ ಬಂತು. ಅವನು ತಿರುಗಲಿಲ್ಲ. ಸೈಕಲ್ಲಿನವನೇ ಬೈದುಕೊಂಡು ಸರಿದು ಹೋದ. ಜೀಪಿನಲ್ಲಿ ಕುಳಿತ ಮೇಲೂ, ಓಣಿ ತಿರುಗುವವರೆಗೂ, ಅವನ ಬೆನ್ನು ಗೋಡೆಯಂತೆ ನೆಟ್ಟಗಿತ್ತು.

ಅತ್ತೆ ಒಳಗೆ ಬಂದು ಮುಂದಿನ ಕೋಣೆಯ ಬಾಗಿಲನ್ನು ಪೂರ್ತಿ ತೆರೆದರು. ಪೆಟ್ಟಿಗೆಯಿಂದ ಅಂಗಿ ತಂದು, ಝಾಡಿಸಿ, ಮತ್ತೆ ಗೂಟಕ್ಕೆ ಹಾಕಿದರು.